ಎಡೆಗೆ ಕೂತ ಹಾಸ್ಯಗಾರ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರ ಮನೆಗೆ ಹೋದರೂ, ಕಡೆಗೆ ನನ್ನ ಸ್ವಂತ ಮನೆಗೆ ಬಂದರೂ, ಹೊಸ್ತಿಲ ಹೊರಗೆ ನಿಂತು ಒಮ್ಮೆ ಕೆಮ್ಮುತ್ತೇನೆ. ಸಾಧಾರಣ ಕೆಮ್ಮಲ್ಲ. ಮೊದಲು ಗಂಟಲೊಳಗೆ ಏನೋ ಗುರುಗುಟ್ಟುತ್ತದೆ, ಆಮೇಲೆ ಗಿಡ್ಡದಾಗಿ ಒಂದೆರಡು ಕೆಮ್ಮು, ಕೊನೆಗೆ 'ಹ್ಞಾ' ಎಂದು ಉದ್ದನೆಯ ಉಸಿರು. ಹತ್ತಿ ಪೇಟೆಯ ಯಜಮಾನರು ಕೆಮ್ಮುವ ಕೆಮ್ಮು ಅದು. ಸೀರೆ ಉಟ್ಟ, ಮೊಣಕಾಲು ನೋವಿನ ಮುದುಕಿಯೊಬ್ಬಳ ಬಾಯಿಂದ ಬಂದರೆ ಕೇಳಿದವರಿಗೆ ಗಾಬರಿಯಾಗುತ್ತದೆ. ಮದುವೆಯಾದ ಹೊಸದರಲ್ಲಿ ನಮ್ಮ ಅತ್ತೆ, ಹುಡುಗಿಗೆ ದಮ್ಮಿನ ರೋಗವಿದೆ, ಮುಚ್ಚಿಟ್ಟು ಕೊಟ್ಟಿದ್ದಾರೆ ಎಂದು ನಮ್ಮಪ್ಪನಿಗೆ ಹೇಳಿಕಳಿಸಿದ್ದರು. ಈಗ ನನ್ನ ಸೊಸೆ ಒಳಗಿನಿಂದಲೇ ಮಕ್ಕಳಿಗೆ, ಯಜಮಾನರು ಬಂದರು ಬಾಗಿಲು ತೆಗೆಯಿರಿ ಎನ್ನುತ್ತಾಳೆ. ಅವಳಿಗೆ ನನ್ನ ಮೇಲೆ ಅಷ್ಟೇನೂ ಗೌರವವಿಲ್ಲ, ಅದು ಬೇರೆ ಮಾತು.

ಹೋದ ತಿಂಗಳು ಬಳ್ಳಾರಿಯಿಂದ ಬಂದಿದ್ದ ದೂರದ ಸಂಬಂಧಿಕರೊಬ್ಬರು ಈ ಕೆಮ್ಮು ಕೇಳಿ ಕಣ್ಣಲ್ಲಿ ನೀರು ತಂದುಕೊಂಡರು. ನಿನ್ನ ತಾತನ ಕೆಮ್ಮು ನಿನಗೆ ಹಾಗ್ಹಾಗೇ ಬಂದಿದೆ, ರಕ್ತ ಎಲ್ಲಿಗೆ ಹೋಗುತ್ತದೆ ಎಂದರು. ನಾನು ಚಹಾ ಕೊಟ್ಟೆ. ತಾತ ಸತ್ತಾಗ ನನಗೆ ಬುದ್ಧಿ ಬಂದಿರಲಿಲ್ಲ. ಅವರ ಜೀವಂತ ಮುಖವಾಗಲಿ, ಕೆಮ್ಮಾಗಲಿ ನನಗೆ ಗೊತ್ತೇ ಇಲ್ಲ. ಈ ಕೆಮ್ಮನ್ನು ನಾನು ಕಲಿತದ್ದು ನಕಲಿ ಹುಸೇನಪ್ಪನಿಂದ.

ನಮ್ಮ ಕಡೆ ನಕಲಿ ಎಂದರೆ ಖೋಟಾ ಎಂದಲ್ಲ. ತಮಾಷೆ, ಅಣಕ. ನಾಟಕದಲ್ಲಿ ನಗಿಸುವ ಪಾತ್ರ ಮಾಡುವವನೂ ನಕಲಿಯೇ. ಹಾಗೆಯೇ ಹುಸೇನಪ್ಪ ಎಂದ ತಕ್ಷಣ ಸಾಬರವನು ಎಂದುಕೊಳ್ಳಬೇಡಿ. ಮಕ್ಕಳು ಉಳಿಯದ ತಾಯಿ ಮೊಹರಂನ ಪೀರಲ ದೇವರಿಗೆ ಹರಕೆ ಹೊತ್ತರೆ ನಮ್ಮೂರ ಕಡೆ ಹುಸೇನಪ್ಪಂದಿರು ಹುಟ್ಟುತ್ತಾರೆ. ಇವನು ಪೆದ್ದಕಡುಬೂರಿನ ನೇಕಾರರ ಮನೆಯವನು. ಮಗ್ಗ ಬಿಟ್ಟು ಮುಖಕ್ಕೆ ಬಣ್ಣ ಹಚ್ಚಿಕೊಂಡವನು ಆ ಮನೆತನದಲ್ಲಿ ಇವನೊಬ್ಬನೇ. ಮೊದಲು ಬಯಲಾಟದಲ್ಲಿ ಸಾರಥಿಯಾದ. ಕಿರೀಟ ಹೊತ್ತು ಕುಣಿದು ಬಂದ ರಾಜನನ್ನು, ತಾವು ಯಾರು, ಯಾವೂರು, ಊಟ ಆಯಿತೇ ಎಂದೆಲ್ಲ ಕೇಳಿ ಕಾಡುವ ಪಾತ್ರ ಅದು. ಆಮೇಲೆ ಬಳ್ಳಾರಿಯ ಕಡೆಯಿಂದ ಬರುತ್ತಿದ್ದ ಒಂದು ನಾಟಕ ಕಂಪನಿ ಅವನನ್ನು ಎತ್ತಿಕೊಂಡು ಹೋಯಿತು. ಹತ್ತಿ ಮಾರಿ ಜನರ ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲಕ್ಕೆ ನಮ್ಮೂರು ಆದೋನಿಯ ಸ್ಟೇಷನ್ ಹತ್ತಿರ ಆ ಕಂಪನಿಯ ಡೇರೆ ಏಳುತ್ತಿತ್ತು. ನಾಯಕಿ ಯಾರು, ಕಥೆ ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಹುಸೇನಪ್ಪ ಬಂದಾನೇನು ಎಂದು ಕೇಳಿಕೊಂಡು ಟಿಕೀಟು ತೆಗೆಯುತ್ತಿದ್ದರು.

ಅವನು ರಂಗಕ್ಕೆ ಬರುತ್ತಿದ್ದುದೇ ಜನಕ್ಕೆ ಬೆನ್ನು ಮಾಡಿ. ಮಾತಿಲ್ಲ. ಒಂದು ಭುಜ ಎತ್ತುವನು, ಪಂಚೆಯ ಚುಂಗನ್ನು ಬೆರಳಲ್ಲಿ ಹಿಡಿಯುವನು, ಅಷ್ಟಕ್ಕೇ ಡೇರೆಯ ಮೂಲೆಯಿಂದ ಯಾರೋ ಒಬ್ಬರು ಪೇಟೆಯ ಇಂಥವರು ಎಂದು ಕೂಗುತ್ತಿದ್ದರು. ಸರಿಯಾಗಿಯೇ ಇರುತ್ತಿತ್ತು. ನಮ್ಮ ಪೇಟೆಯಲ್ಲಿ ಹತ್ತಿಯ ಧಾರಣೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವರೂ ಮಾರುವವರೂ ಒಂದು ಟವೆಲಿನ ಕೆಳಗೆ ಬೆರಳು ಹಿಡಿದು ಮಾತಾಡುತ್ತಿದ್ದರು. ಮೇಲೆ ಮಾತ್ರ ಮುಖಗಳು, ಏನೂ ಆಗುತ್ತಿಲ್ಲವೆಂಬಂತೆ. ಹುಸೇನಪ್ಪ ಟವೆಲು ಹೊದಿಸಿದ ತನ್ನದೇ ಎರಡು ಕೈಗಳಿಂದ ವ್ಯಾಪಾರ ಮಾಡುತ್ತ, ಎಡಗಡೆ ತಿರುಗಿದಾಗ ಶೇಂಗಾ ಎಣ್ಣೆಯಷ್ಟು ನಯವಾದ ಸಾಹುಕಾರನಾಗಿ, ಬಲಗಡೆ ತಿರುಗಿದಾಗ ಕೌತಾಳಂನ ಮೊಂಡ ರೈತನಾಗಿ ತೋರಿಸುವಾಗ ಆ ಸಾಹುಕಾರನೂ ಆ ರೈತನೂ ಮುಂದಿನ ಸಾಲಿನಲ್ಲೇ ಕೂತು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಅವನು ಅಣಕಿಸಿದರೆ ಮರ್ಯಾದೆ ಹೋಗುತ್ತಿರಲಿಲ್ಲ, ಬರುತ್ತಿತ್ತು. ನನ್ನನ್ನು ಯಾಕೆ ಇನ್ನೂ ಮಾಡಿಲ್ಲ ಎಂದು ದೊಡ್ಡವರು ಹೇಳಿಕಳಿಸುತ್ತಿದ್ದರು. ನಮ್ಮ ಓಣಿಯ ಹತ್ತಿ ಜಿನ್ನಿಂಗ್ ಮಿಲ್ಲಿನ ಮಾಲೀಕರೊಬ್ಬರಿಗೆ ಪಾಪ, ನಡಿಗೆ ನೆಟ್ಟಗೆ, ಮಾತು ನೆಟ್ಟಗೆ, ಅಣಕಿಸಲು ಏನೂ ಇರಲಿಲ್ಲ. ಅವರು ಇದ್ದಕ್ಕಿದ್ದಂತೆ ರುಮಾಲನ್ನು ಒಂದು ಕಿವಿಯ ಮೇಲಕ್ಕೆ ಸುತ್ತಿಕೊಂಡು, ಮಾತಿಗೊಮ್ಮೆ ಮೂಗು ಏರಿಸುತ್ತ ಓಡಾಡತೊಡಗಿದರು. ಮನೆಯವರು ವೈದ್ಯರನ್ನು ಕರೆಸಿದರು. ಹುಸೇನಪ್ಪ ಮುಂದಿನ ವರ್ಷ ಅವರನ್ನು ಆಡಿಯೂ ತೋರಿಸಿದ. ಆದರೆ ಅವನು ಆಡಿದ್ದು ಮೂಗು ಏರಿಸುವ ಮಾಲೀಕರನ್ನಲ್ಲ, ಕನ್ನಡಿಯ ಮುಂದೆ ನಿಂತು ಮೂಗು ಏರಿಸಲು ಕಲಿಯುತ್ತಿರುವ ಮಾಲೀಕರನ್ನು. ಅವರು ಅದಕ್ಕೂ ಖುಷಿಪಟ್ಟರಂತೆ. ಇಂಥ ಊರು ನಮ್ಮದು. ಆ ಊರೇ ಅವನನ್ನು ಏನು ಮಾಡಿತು ಎಂಬುದನ್ನು ನೆನೆದರೆ ಇಷ್ಟು ವರ್ಷದ ಮೇಲೂ ನನಗೆ ಸಿಟ್ಟು ಬರುತ್ತದೆ. ಅದು ಶುರುವಾದದ್ದು ನಮ್ಮ ಮನೆಯಲ್ಲೇ.

ತಾತ ತೀರಿಕೊಂಡ ಮೇಲೆ ಅಜ್ಜಿ ಊಟ ಬಿಟ್ಟಿದ್ದಳಂತೆ. ತಾತನ ಒಂದೇ ಒಂದು ಫೋಟೋ ಇತ್ತು, ಅದೂ ಜೀವ ಹೋದ ಮೇಲೆ, ನಮ್ಮವರ ಪದ್ಧತಿಯಂತೆ ವಿಭೂತಿ ಹಚ್ಚಿ ಕೂರಿಸಿದಾಗ ತೆಗೆಸಿದ್ದು. ಅಜ್ಜಿ ಅದನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದಳು. ಮಾತಾಡಿಸಿ ಹೋಗಲು ಹುಸೇನಪ್ಪ ಬಂದ. ತಾತನಿಗೂ ಅವನಿಗೂ ಸಲಿಗೆಯಿತ್ತು, ತಾತನನ್ನು ಅವನು ಎಷ್ಟೋ ಸಲ ಆಡಿದ್ದ. ಬಾಗಿಲ ಹೊರಗೆ ನಿಂತವನು ಬೇಕೆಂದು ಮಾಡಿದನೋ, ಆ ಹೊಸ್ತಿಲು ನೋಡಿದ ಕೂಡಲೇ ಗಂಟಲಿಗೆ ತಾನಾಗಿಯೇ ಬಂತೋ, ತಾತನ ಕೆಮ್ಮು ಕೆಮ್ಮಿದ. ಒಳಗೆ ಮುದುಡಿ ಮಲಗಿದ್ದ ಅಜ್ಜಿ ಎದ್ದಳು. ಸೆರಗು ಹೊದ್ದಳು. ಕಾಲಿಗೆ ನೀರು ಕೊಡಲು ಚೆಂಬು ತುಂಬಿಕೊಂಡು ಹೊರಗೆ ಬಂದಳು. ಬಂದು, ಅವನನ್ನು ಕಂಡು, ಚೆಂಬು ಹಿಡಿದುಕೊಂಡೇ ನಿಂತಳು. ಮನೆಯವರೆಲ್ಲ ಈಗ ಇವನಿಗೆ ಬೈಗುಳ ಬೀಳುತ್ತದೆ ಎಂದುಕೊಂಡರು.

"ಇನ್ನೊಂದ್ ಸಲ ಮಾಡಪ್ಪ," ಎಂದಳು ಅಜ್ಜಿ.

ಅವನು ಮಾಡಿದ. ಅಜ್ಜಿ ನಕ್ಕಳು, ಅತ್ತಳು, ಆ ದಿನ ರೊಟ್ಟಿ ತಿಂದಳು. ಮುಂದಿನ ಅಮಾವಾಸ್ಯೆಗೆ ತಾನೇ ಹೇಳಿಕಳಿಸಿ ಕರೆಸಿದಳು. ತಾತನ ಪಂಚೆ, ಕೋಟು, ರುಮಾಲು ಕೊಟ್ಟು ಉಟ್ಟುಕೊಂಡು ಬಾ ಎಂದಳು. ಹಿರಿಯರಿಗೆ ಇಡುವ ಎಡೆಯ ಮುಂದೆ ಅವನನ್ನು ಕೂರಿಸಿದಳು. ಅವನು ತಾತನ ಹಾಗೆ ಉಪ್ಪಿಲ್ಲವೆಂದು ಗೊಣಗಿ, ತಾತನ ಹಾಗೆ ಮಜ್ಜಿಗೆಯನ್ನು ಸದ್ದು ಮಾಡಿ ಕುಡಿದು, ಎಲೆಯಡಿಕೆ ಎಲ್ಲಿ ಎಂದು ಕೈ ಚಾಚಿದ. ನನಗೆ ನೆನಪಿರುವ ತಾತ ಇವನೇ. ತಿಂಗಳಿಗೊಮ್ಮೆ ಬಂದು ಕೆಮ್ಮಿ ಒಳಗೆ ಹೊಕ್ಕು, ನನ್ನ ಕೆನ್ನೆ ಹಿಂಡಿ, ಉಂಡು, ಕೊಟ್ಟ ಜೋಳ ಕಟ್ಟಿಕೊಂಡು ಹೋಗುತ್ತಿದ್ದ ತಾತ. ಬೇರೆ ಮಕ್ಕಳ ತಾತಂದಿರು ಮನೆಯಲ್ಲೇ ಇರುತ್ತಾರೆ, ನಮ್ಮವರು ಮಾತ್ರ ಪೆದ್ದಕಡುಬೂರಿಗೆ ಯಾಕೆ ಹೋಗುತ್ತಾರೆ ಎಂದು ಕೇಳಿ ಅಮ್ಮನಿಂದ ಪೆಟ್ಟು ತಿಂದಿದ್ದೇನೆ.

ಸುದ್ದಿ ಹಬ್ಬಿತು. ಪೇಟೆಯಲ್ಲಿ ಯಾರು ಸತ್ತರೂ ಹುಸೇನಪ್ಪನಿಗೆ ಕರೆ ಬಂತು. ಅವನಿಗೆ ಎಲ್ಲರೂ ಗೊತ್ತು, ಎಲ್ಲರ ನಡಿಗೆಯೂ ಮೈಯಲ್ಲಿತ್ತು. ಮೊದಮೊದಲು ಜನ ನಗುತ್ತಲೂ ಇದ್ದರು. ಅಪ್ಪ ಹಿಂಗೇ ಬೈತಿದ್ದ ಎಂದು ಮಕ್ಕಳು ಕಣ್ಣೊರೆಸಿಕೊಂಡು ನಗುತ್ತಿದ್ದರು. ಬರಬರುತ್ತ ನಗು ನಿಂತಿತು. ಕಾಲಿಗೆ ಬೀಳತೊಡಗಿದರು. ಹೊಲ ಹಂಚಿಕೊಳ್ಳಬೇಕೋ ಬೇಡವೋ ಹೇಳು ಎಂದು ಅವನ ಮುಂದೆ ಕೂತು ಕೇಳಿದ ಅಣ್ಣತಮ್ಮಂದಿರು ಇದ್ದರು. ಅವನು ರುಮಾಲು ತೆಗೆದು, ನಾನು ಹುಸೇನಪ್ಪರೀ ಎಂದರೆ ಕೋಪಿಸಿಕೊಳ್ಳುತ್ತಿದ್ದರು. ಸತ್ತವರ ಬಟ್ಟೆ ಅವನಿಗೇ ಸೇರುತ್ತಿದ್ದುದರಿಂದ ಆದೋನಿಯಲ್ಲಿ ಅವನಷ್ಟು ಒಳ್ಳೆಯ ಪಂಚೆ, ಕೋಟು ಇದ್ದವರಿರಲಿಲ್ಲ. ಅವನು ಬೀದಿಯಲ್ಲಿ ಬಂದರೆ ದೂರದಿಂದ ಯಾರ ಅಪ್ಪನೋ ಬಂದ ಹಾಗೆ ಕಾಣುತ್ತಿತ್ತು. ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಕಂಪನಿ ಮತ್ತೆ ಬಂದಾಗ ಅವನು ಎಂದಿನಂತೆ ಬೆನ್ನು ಮಾಡಿ ರಂಗಕ್ಕೆ ಬಂದ. ಭುಜ ಎತ್ತಿದ. ಹೆಂಗಸರ ಕಡೆಯಿಂದ ಒಬ್ಬಳು ಯಪ್ಪಾ ಎಂದು ಅಳತೊಡಗಿದಳು. ಅವಳ ಹಿಂದೆ ಇನ್ನೊಬ್ಬಳು. ಅವನು ಗಾಬರಿಯಾಗಿ ತಿರುಗಿ, ಬಾಯಿಗೆ ಬಂದ ಹಾಸ್ಯವನ್ನೆಲ್ಲ ಹೇಳಿದನಂತೆ, ಒಬ್ಬರೂ ನಗಲಿಲ್ಲವಂತೆ. ಮೂರ್ನಾಲ್ಕು ಆಟ ಹೀಗೇ ಆದ ಮೇಲೆ ಕಂಪನಿಯ ಯಜಮಾನರು ಅವನನ್ನು ಬಿಡಿಸಿದರು. ಹಾಸ್ಯಗಾರ ಬಂದರೆ ಜನ ಅಳುತ್ತಾರೆಂದರೆ ತಾವು ಹಾರ್ಮೋನಿಯಂ ಹೊತ್ತುಕೊಂಡು ಎಲ್ಲಿಗೆ ಹೋಗಬೇಕು ಎಂದು ನಮ್ಮಪ್ಪನ ಮುಂದೆ ಗೋಳಾಡಿದರು. ಮದುವೆಗಳಲ್ಲಿ ಬೀಗರ ಊಟದ ದಿನ ಗಂಡಿನ ಕಡೆಯವರನ್ನು ಅಣಕಿಸಲು ಹುಸೇನಪ್ಪನನ್ನೇ ಕರೆಸುವುದಿತ್ತು. ಅದೂ ನಿಂತಿತು. ಹಿರಿಯರ ಎಡೆಗೆ ಕೂರುವವನನ್ನು ಮದುವೆಮನೆಗೆ ಯಾರು ಕರೆಯುತ್ತಾರೆ?

ಅದೇ ಹೊತ್ತಿಗೆ ರಾಜ್ಯಗಳ ಹಂಚಿಕೆಯಲ್ಲಿ ನಮ್ಮ ತಾಲ್ಲೂಕು ಆಂಧ್ರಕ್ಕೆ, ಬಳ್ಳಾರಿ ಮೈಸೂರಿಗೆ ಎಂದಾಯಿತು. ಶಾಲೆಯಲ್ಲಿ ನಮಗೆ ತೆಲುಗು ಬಂತು, ಬಳ್ಳಾರಿಯ ಕಂಪನಿಗಳು ಬರುವುದು ಕಡಿಮೆಯಾಯಿತು. ಹುಸೇನಪ್ಪನ ಗತಿಗೆ ಅದೇ ಕಾರಣ ಎಂದು ನಮ್ಮೂರ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಸುಳ್ಳು. ಗಡಿ ಅವನನ್ನು ಏನೂ ಮಾಡಲಿಲ್ಲ, ಅವನು ಎರಡು ಭಾಷೆಯಲ್ಲೂ ನಗಿಸಬಲ್ಲವನಾಗಿದ್ದ. ಮಾಡಿದ್ದು ನಾವು. ಅವನನ್ನು ಅಷ್ಟು ಪ್ರೀತಿಸಿ, ಕೈ ಹಿಡಿದು ಎಳೆದುಕೊಂಡು ಹೋಗಿ ಸತ್ತವರ ಸಾಲಿನಲ್ಲಿ ಕೂರಿಸಿದೆವು.

ಅವನಿಗೆ ಮಾದೇವಿ ಎಂಬ ಒಬ್ಬಳೇ ಮಗಳು. ತಾಯಿಯಿಲ್ಲದ ಹುಡುಗಿ. ಅವಳ ಮದುವೆಗೆ ಗಂಡು ಹುಡುಕಿದವಳು ನಮ್ಮಜ್ಜಿ. ತನ್ನಿಂದಲೇ ಇವನ ಅನ್ನ ಹೋಯಿತೆಂದು ಅಜ್ಜಿಗೆ ಒಳಗೊಳಗೇ ಅನಿಸುತ್ತಿತ್ತೇನೋ, ಬಾಯಿಬಿಟ್ಟು ಯಾವತ್ತೂ ಹೇಳಲಿಲ್ಲ. ಎಮ್ಮಿಗನೂರಿನ ನೇಕಾರ ನಾಗಪ್ಪನವರ ಮಗನಿಗೆ ಮಾತು ಕೂಡಿತು. ಆದೋನಿಯ ಸುದ್ದಿಗಳು ಎಮ್ಮಿಗನೂರಿಗೂ ಹೋಗಿದ್ದವು, ಆದರೆ ಅಜ್ಜಿಯ ಮಾತಿನ ಮೇಲೆ ಅವರು ಒಪ್ಪಿದರು. ಮದುವೆ ನಮ್ಮ ಹಿತ್ತಲ ಚಪ್ಪರದಲ್ಲೇ ಆಯಿತು.

ಬೀಗರ ಊಟದಲ್ಲಿ ತಾನೇ ನಕಲಿ ಮಾಡುತ್ತೇನೆ ಎಂದು ಹುಸೇನಪ್ಪ ಮೊದಲೇ ನಿಶ್ಚಯಿಸಿಕೊಂಡಿದ್ದ. ಯಾವ ಸತ್ತವನನ್ನೂ ಅಲ್ಲ, ಎದುರಿಗೆ ಕೂತ ಬೀಗನನ್ನು. ಎಷ್ಟೋ ವರ್ಷದ ಮೇಲೆ ಜೀವಂತ ಮನುಷ್ಯನನ್ನು ಆಡುತ್ತೇನೆಂದು ಅಜ್ಜಿಯ ಮುಂದೆ ಹುಡುಗನ ಹಾಗೆ ಹೇಳಿಕೊಂಡಿದ್ದ. ಅದಕ್ಕಾಗಿ ಎಮ್ಮಿಗನೂರಿನ ಸಂತೆಗೆ ಹೋಗಿ ನಾಗಪ್ಪನವರನ್ನು ಮರೆಯಿಂದ ನೋಡಿ ಬಂದಿದ್ದ. ನಾಗಪ್ಪನವರು ಮಗ್ಗದ ಗುಂಡಿಯಲ್ಲೇ ಬೆಳೆದವರು. ಎದ್ದು ನಿಂತಾಗಲೂ ಅವರ ಕಾಲುಗಳು ಒಂದಾದ ಮೇಲೊಂದು ತುಳಿಯುತ್ತಿದ್ದವು, ಕಣ್ಣುಗಳು ಲಾಳಿ ಓಡಿದ ಹಾಗೆ ಆ ಕಡೆಯಿಂದ ಈ ಕಡೆಗೆ ಹೋಗುತ್ತಿದ್ದವು. ಉಣ್ಣುವಾಗ ಎಲೆಯಲ್ಲಿದ್ದ ಅನ್ನವನ್ನೆಲ್ಲ ಮೊದಲೇ ಕಲಸಿ, ಉಂಡೆ ಕಟ್ಟಿ, ಸಾಲಾಗಿ ಇಟ್ಟುಕೊಂಡು, ಆಮೇಲೆ ಒಂದು ಕಡೆಯಿಂದ ತಿನ್ನುತ್ತಿದ್ದರು.

ಹೋಳಿಗೆ ಬಡಿಸಿದ ಮೇಲೆ ಹುಸೇನಪ್ಪ ಪಂಕ್ತಿಯ ನಡುವೆ ಬಂದು ಬೆನ್ನು ಮಾಡಿ ನಿಂತ. ಕಾಲು ತುಳಿದ. ತಿರುಗಿ ಕೂತು, ಇಲ್ಲದ ಅನ್ನವನ್ನು ಉಂಡೆ ಕಟ್ಟಿ ಸಾಲಿಗೆ ಇಟ್ಟ. ಅದ್ಭುತವಾಗಿತ್ತು. ನಾನು ನಕ್ಕೆ, ನನ್ನ ನಗು ಒಂದೇ ಚಪ್ಪರದಲ್ಲಿ ಕೇಳಿಸಿತು. ನಾಗಪ್ಪನವರ ಮುಖ ಬಿಳಿಚಿಕೊಂಡಿತ್ತು. ಅವರ ಹೆಂಡತಿ ಮಲ್ಲಮ್ಮ ಎಲೆಯ ಮುಂದಿನಿಂದ ಎದ್ದು ಬಂದು, ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ವದ್ದಯ್ಯಾ, ವದ್ದು," ಎಂದರು. ತೆಲುಗಿನಲ್ಲಿ, ಬೇಡ ಎಂದು. ಹುಸೇನಪ್ಪ ಯಾರನ್ನು ಆಡುತ್ತಾನೋ ಅವರು ಸತ್ತಿರುತ್ತಾರೆ, ಇದು ಆಗ ಎಲ್ಲರಿಗೂ ಗೊತ್ತಿದ್ದ ಸಂಗತಿ. ಸತ್ತಿರದಿದ್ದರೆ ಸಾಯುತ್ತಾರೆ ಎಂದು ಅವರು ಲೆಕ್ಕ ಹಾಕಿದರು. ಗಂಡಿನ ಕಡೆಯವರು ಅರ್ಧ ಊಟಕ್ಕೇ ಎದ್ದು ಹುಡುಗಿಯನ್ನು ಗಾಡಿ ಹತ್ತಿಸಿಕೊಂಡು ಹೋದರು. ಮಗಳ ಮನೆಯ ಹೊಸ್ತಿಲು ತುಳಿಯಬಾರದೆಂದು ಹುಸೇನಪ್ಪನಿಗೆ ಹೇಳಿಯೇ ಹೋದರು.

ನಾಗಪ್ಪನವರು ಸಾಯಲಿಲ್ಲ, ವರ್ಷಗಟ್ಟಲೆ ಬದುಕಿದರು. ಆದರೆ ಅವರಿಗೆ ಸೀನು ಬಂದರೂ ಆ ಮನೆಯವರು ಮಾದೇವಿಯ ಮುಖ ನೋಡುತ್ತಿದ್ದರು. ಜ್ವರ ಬಂದರೆ ಅವಳಿಗೆ ಅವತ್ತು ಊಟವಿಲ್ಲ. ಹುಸೇನಪ್ಪ ಸಂತೆಯ ದಿನ ಬಸ್ಸು ಹಿಡಿದು ಎಮ್ಮಿಗನೂರಿಗೆ ಹೋಗಿ, ನೂಲು ತರಲು ಬಂದ ಮಗಳನ್ನು ಬೀದಿಯಲ್ಲೇ ನಿಂತು ಮಾತಾಡಿಸಿ ಬರುತ್ತಿದ್ದ. ಉಂಡೆಯಾ ಎಂದು ಕೇಳುತ್ತಿದ್ದ, ಹ್ಞೂಂ ಎನ್ನುತ್ತಿದ್ದಳು. ಬೀಗ ಚೆನ್ನಾಗಿರಲಿ ಎಂದು ಕಂಡ ಕಂಡ ದೇವರಿಗೆ ಹರಕೆ ಹೊತ್ತ ಮನುಷ್ಯ ಅವನು.

ಕಡೆಗೆ ನಾಗಪ್ಪನವರು ವಯಸ್ಸಾಗಿ, ಎಲ್ಲರ ಹಾಗೆ, ತೀರಿಕೊಂಡರು. ದಿನಕರ್ಮ ಮುಗಿಯುವ ಮೊದಲೇ ಹುಸೇನಪ್ಪನ ಅಳಿಯ ನಮ್ಮ ಮನೆಗೆ ಬಂದ. ಅವ್ವ ಊಟ ಬಿಟ್ಟಾಳ, ಒಂದ್ ಸಲ ಅಪ್ಪನ್ನ ಮಾಡಿ ತೋರ್ಸಾಕ ಮಾವಗ ಹೇಳ್ರಿ ಎಂದು ಅಜ್ಜಿಯ ಮುಂದೆ ಕೈಮುಗಿದ. ನಾಚಿಕೆ ಎಂಬುದು ಅವನ ಮುಖದಲ್ಲಿ ಒಂದಿಷ್ಟಾದರೂ ಇದೆಯೇ ಎಂದು ನಾನು ಹುಡುಕಿದೆ. ಇರಲಿಲ್ಲ. ಅಜ್ಜಿ ಹೇಳಿಕಳಿಸಿದಳು. ಹುಸೇನಪ್ಪ ಬಂದು ಎಲ್ಲ ಕೇಳಿಸಿಕೊಂಡ.

"ಬರ್ತೀನ್ರಿ ಅವ್ವಾರ," ಎಂದ. "ಆ ಮನಿ ಒಳಗ ನಾ ಇನ್ನಾ ಕಾಲಿಟ್ಟಿಲ್ಲ."

ಅಜ್ಜಿ ನನ್ನನ್ನೂ ಕರೆದುಕೊಂಡು ಅವನ ಜೊತೆ ಬಸ್ಸಿನಲ್ಲಿ ಹೊರಟಳು. ಎಮ್ಮಿಗನೂರಿನ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಓಣಿಗೆ ಓಣಿಯೇ ಬಂದು ಕೂತಿತ್ತು. ಅರ್ಧ ನೆಯ್ದ ಸೀರೆ ಮಗ್ಗದ ಮೇಲೆ ಹಾಗೇ ಇತ್ತು. ಎಡೆ ಬಡಿಸಿದ್ದರು: ಹೋಳಿಗೆ, ಬದನೆಕಾಯಿ ಪಲ್ಯ, ಅನ್ನ, ಸಾರು. ಬದಿಯಲ್ಲಿ ನಾಗಪ್ಪನವರ ಪಂಚೆ, ರುಮಾಲು ಮಡಿಸಿಟ್ಟಿದ್ದರು. ಹುಸೇನಪ್ಪ ಅವುಗಳನ್ನು ಮುಟ್ಟಲಿಲ್ಲ. ಅವತ್ತು ಅವನು ಯಾರದೋ ಕೋಟು ಹಾಕಿಕೊಂಡು ಬಂದಿರಲಿಲ್ಲ. ತನ್ನದೇ ಒಂದು ಮಾಸಿದ ಅಂಗಿ ತೊಟ್ಟಿದ್ದ. ನೆಟ್ಟಗೆ ಹೋಗಿ ಎಡೆಯ ಮುಂದೆ ಕೂತ.

ಎಲ್ಲರೂ ಅವನ ಕಾಲು ನೋಡುತ್ತಿದ್ದರು. ಕಾಲು ತುಳಿಯಲಿಲ್ಲ. ಉಂಡೆ ಕಟ್ಟುತ್ತಾನೆಂದು ಕಾದರು. ಅವನು ಹೋಳಿಗೆ ಮುರಿದು ತಿಂದ. ಅನ್ನಕ್ಕೆ ಸಾರು ಹಾಕಿಕೊಂಡು, ಹಸಿದವರು ಉಣ್ಣುವಂತೆ, ತಲೆ ತಗ್ಗಿಸಿ ಉಣ್ಣತೊಡಗಿದ. ಗೋಡೆಗೊರಗಿ ಕೂತಿದ್ದ ಮಲ್ಲಮ್ಮ ಸ್ವಲ್ಪ ಹೊತ್ತು ನೋಡಿದರು.

"ನಮ್ಮವ್ರು ಹಿಂಗ ಉಣ್ತಿದ್ದಿಲ್ಲ," ಎಂದರು.

"ಇದು ಅವ್ರಲ್ಲವ್ವ. ಇದು ನಾನು, ನಿಮ್ಮ ಬೀಗ," ಎಂದ ಹುಸೇನಪ್ಪ. "ಮಗಳ್ನ ಕೊಟ್ಟ ಮನ್ಯಾಗ ಒಂದ್ ಹೊತ್ತು ಉಣಬೇಕಂತ ಇತ್ತು. ಉಂಡು ಹೋಗ್ತೀನಿ." ಆಮೇಲೆ ತಿರುಗಿ, ಬಾಗಿಲ ಹತ್ತಿರ ಪಾತ್ರೆ ಹಿಡಿದು ನಿಂತಿದ್ದ ಮಗಳಿಗೆ, "ಇನ್ನೊಂದೀಟು ಅನ್ನ ನೀಡವ್ವ," ಎಂದ.

ಮಾದೇವಿ ಬಂದು ನೀಡಿದಳು. ಅತ್ತೆಯ ಕಡೆಗಾಗಲಿ ಗಂಡನ ಕಡೆಗಾಗಲಿ ನೋಡಲಿಲ್ಲ. ಸೌಟು ಮತ್ತೆ ಮತ್ತೆ ಪಾತ್ರೆಗೆ ಹೋಗಿ ಬಂತು. ಅವನು ಬೇಡ ಎನ್ನದೆ ಹಾಕಿದ್ದನ್ನೆಲ್ಲ ಉಂಡ, ಕೈತೊಳೆದ, ಮಗಳ ತಲೆ ಮುಟ್ಟಿದ, ಹೊರಗೆ ಬಂದ. ಹಿಂದಿನಿಂದ ಯಾರೋ ತೆಲುಗಿನಲ್ಲಿ, ಮುದುಕನಾದ, ಎಲ್ಲ ಮರೆತಿದ್ದಾನೆ ಎಂದರು. ಆ ಮಾತೇ ನಮ್ಮ ಬಸ್ಸಿನಲ್ಲಿ ಆದೋನಿಗೂ ಬಂತು. ಹುಸೇನಪ್ಪನಿಗೆ ಮೊದಲಿನ ಹಾಗೆ ಬರುವುದಿಲ್ಲ, ಎಮ್ಮಿಗನೂರಲ್ಲಿ ಹಿರಿಯರ ಎಡೆ ಕೆಡಿಸಿ ಬಂದ ಎಂದು ಪೇಟೆಯಲ್ಲೆಲ್ಲ ಆಡಿಕೊಂಡರು. ಅವನನ್ನು ಎಡೆಗೆ ಕರೆಯುವುದೂ ನಿಂತಿತು. ಮದುವೆಮನೆ ಮೊದಲೇ ಬಿಟ್ಟಿತ್ತು, ಈಗ ಸಾವಿನ ಮನೆಯೂ ಬಿಟ್ಟಿತು.

ಅಮಾವಾಸ್ಯೆ ಬಂತು. ಹುಸೇನಪ್ಪನಿಗೆ ಹೇಳಿಕಳಿಸಲೇ ಎಂದು ಅಪ್ಪ ಅಜ್ಜಿಯನ್ನು ಕೇಳಿದರು. ಅಜ್ಜಿ ಒಲೆಯ ಮುಂದೆ ಕೂತು ಹೋಳಿಗೆ ತಟ್ಟುತ್ತಿದ್ದಳು. ಅವಳಿಗೆ ಅವನ ಮೇಲೆ ಮರುಕವಿತ್ತು ಎಂದು ಬರೆಯಲು ನನಗೂ ಆಸೆ. ಆದರೆ ನಾನು ಅವಳ ಮುಖ ನೋಡಿದ್ದೇನೆ, ಅದು ಸಿಟ್ಟು. ಗಂಡನನ್ನು ಎರಡನೆಯ ಸಲ ಕಳಕೊಂಡವಳ ಸಿಟ್ಟು.

"ಬ್ಯಾಡ," ಎಂದಳು. "ಆತಗ ಈಗ ತನ್ನಂಗ ಉಣ್ಣಾದು ಬಂದೈತಿ."

ಆ ಅಮಾವಾಸ್ಯೆಗೆ ನಾವು ಗೋಡೆಗೆ ಮುಖ ಮಾಡಿದ್ದ ಫೋಟೋವನ್ನು ಈ ಕಡೆ ತಿರುಗಿಸಿ, ಎಡೆಯನ್ನು ಅದರ ಮುಂದೆ ಇಟ್ಟೆವು.